ಜಾಜಿಯ ಮೂಗಿನ ಹ್ಯಾಷು

ಕೋದಂಡಪ್ಪನ ಹಸುವಿಗೆ ಮೂಗು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಿದ್ದು ಬೆಳಿಗ್ಗೆ, ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿನಲ್ಲಿ.

ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಅವನು ಸರದಿ ಬಂದಾಗ ಎಂದಿನಂತೆ ಹಾಲು ಸುರಿಯಲು ಬಗ್ಗಿದ. ಡೇರಿಯ ಕಾರ್ಯದರ್ಶಿ ಮುನಿರಾಜು ಹಾಲನ್ನು ನೋಡಲಿಲ್ಲ, ಕಂಪ್ಯೂಟರ್ ನೋಡಿದ. ಡೇರಿಗೆ ಕಂಪ್ಯೂಟರ್ ಬಂದಾಗಿನಿಂದ ಮುನಿರಾಜು ಹಾಲಿನ ಮುಖ ನೋಡುವುದನ್ನೇ ಬಿಟ್ಟಿದ್ದ.

“ಕೋದಂಡಣ್ಣ, ಇವತ್ತಿಗೆ ಕಡೆ. ನಾಳೆಯಿಂದ ನಿನ್ನ ಆಲು ತಗಳಲ್ಲ.”

“ಯಾಕ್ಲಾ? ನೀರು ಬೆರೆಸಿದ್ನಾ?”

“ನೀರು ಬೆರೆಸಿದ್ರೆ ಎಂಗೋ ಆಗ್ತಿತ್ತು. ಅದಕ್ಕೆ ದಂಡ ಐತೆ, ಕಟ್ಟಿದ್ರೆ ಮುಗೀತು. ನಿನ್ನ ಅಸೀಗೆ ಮೂಗಿಲ್ಲವಂತೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೋದಂಡಪ್ಪನೂ ನಕ್ಕ. ಆಮೇಲೆ ಮುನಿರಾಜು ನಗುತ್ತಿಲ್ಲವೆಂದು ಗೊತ್ತಾಗಿ ನಗುವನ್ನು ಅರ್ಧಕ್ಕೇ ನುಂಗಿದ.

ವಿಷಯ ಇಷ್ಟು. ಮನುಷ್ಯರ ಬೆರಳು, ಕಣ್ಣು, ಮುಖ ಎಲ್ಲವನ್ನೂ ನಂಬರು ಮಾಡಿ ಮುಗಿಸಿದ ಮೇಲೆ ಮೇಲಿನವರಿಗೆ ಕೈ ಖಾಲಿ ಅನ್ನಿಸಿ ದನಗಳ ಮೂಗಿಗೆ ಕೈ ಹಾಕಿದ್ದರು. ಹಸುವಿನ ಮೂಗಿನ ಮೇಲಿನ ಗೆರೆ ಗುಳಿಗಳು ನಮ್ಮ ಹೆಬ್ಬೆರಳಿನ ಗೆರೆಗಳಂತೆ, ಒಂದರದು ಇನ್ನೊಂದಕ್ಕೆ ಇರುವುದಿಲ್ಲ. ಆ ಮೂಗಿನ ಫೋಟೋ ತೆಗೆದು ಕಂಪ್ಯೂಟರಿಗೆ ತಿನ್ನಿಸಿದರೆ ಅದು ಅಂಕಿ ಅಕ್ಷರ ಕಲಸಿದ ಉದ್ದನೆಯ ಮಾಲೆಯೊಂದನ್ನು ಕಕ್ಕುತ್ತದೆ. ಅದರ ಹೆಸರು ಹ್ಯಾಷು. ಹ್ಯಾಷು ಬಂದರೆ ಹಸು. ಬಾರದಿದ್ದರೆ ಅದು ಸಗಣಿ ಹಾಕುವ ಒಂದು ವದಂತಿ, ಅಷ್ಟೆ. ವದಂತಿಯ ಹಾಲನ್ನು ಮರುದಿನದಿಂದ ಡೇರಿ ಕೊಳ್ಳುವುದಿಲ್ಲ.

“ನಮ್ಮ ಜಾಜೀದು ಓದ್ ವರ್ಷಾನೇ ಫೋಟೋ ಇಡಿದ್ರಲ್ಲೋ! ರಾಬರ್ಟ್‌ಸನ್‌ಪೇಟೆ ಸುಬ್ರಮಣಿ ಬಂದಿದ್ದ. ಊರಿನ ಅಸಗಳೆಲ್ಲ ಒದ್ದು ಅವನ ಫೋನು ತಿಪ್ಪೆಗೆ ಬೀಳಿಸಿದ್ವು. ನಮ್ಮ ಜಾಜಿ ಒಬ್ಳೇ ಮದುವಣಗಿತ್ತಿ ತರ ನಿಂತ್ಕಂಡಿದ್ಲು.”

“ನಿಂತಿರ್ಬೋದು. ಕಂಪ್ಯೂಟರಲ್ಲಿ ಕೂತಿಲ್ಲ. ಸಂಜೆ ಐದರೊಳಗೆ ಹ್ಯಾಷು ತಗಂಬಾ, ಇಲ್ಲಾಂದ್ರೆ ಆಲು ನೀನೇ ಕುಡಿ.” ಮುನಿರಾಜು ಮುಂದಿನವನನ್ನು ಕರೆದ.

ಕೋದಂಡಪ್ಪನ ಮನೆ ನಡೆಯುತ್ತಿದ್ದುದೇ ಜಾಜಿಯ ನಾಲ್ಕು ಕಾಲಿನ ಮೇಲೆ. ಡೇರಿ ಹಾಲು ಬೇಡವೆಂದರೆ ಕ್ಯಾಸಂಬಳ್ಳಿ ಸುತ್ತಮುತ್ತ ಇನ್ನು ಯಾರಿಗೆ ಮಾರುವುದು? ಎಲ್ಲರ ಮನೆಯಲ್ಲೂ ಹಸು. ಅವನು ಖಾಲಿ ಕ್ಯಾನು ಅಲ್ಲಾಡಿಸುತ್ತ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಜಗುಲಿಯ ಮೇಲೆ ಕೂತಿತ್ತು, ಪಕ್ಕದ ಮನೆ ನಾಗೇಶನ ರೂಪದಲ್ಲಿ. ನಾಗೇಶನಿಗೆ ಹಸು ಇರಲಿಲ್ಲ. ಹಾಗಾಗಿ ಊರಿನ ಎಲ್ಲ ಹಸುಗಳ ವಿಷಯವೂ ಅವನಿಗೆ ಗೊತ್ತಿತ್ತು.

“ಟೆಕ್ನಿಕಲ್ ಪ್ರಾಬ್ಲಮ್ಮು ಕಣಣ್ಣ,” ಎಂದ ನಾಗೇಶ್, ಕೋದಂಡಪ್ಪನ ಹೆಂಡತಿ ನಾರಾಯಣಮ್ಮ ಕೊಟ್ಟ ಕಾಫಿ ಹೀರುತ್ತ. “ನೀನು ಒಬ್ನೇ ಓದ್ರೆ ಏನೇನೋ ಅಂದ್ಬಿಟ್ಟು ಕೆಡಿಸ್ಕಂತೀಯ. ನಾನೂ ಬತ್ತೀನಿ.”

“ನೀನ್ ಬಂದ್ರೆ ಕೆಡಲ್ವಾ?” ಎಂದಳು ನಾರಾಯಣಮ್ಮ.

“ಕೆಟ್ರೂ ಯಾಕೆ ಕೆಡ್ತು ಅಂತ ಗೊತ್ತಾಗ್ತದೆ ಅಕ್ಕ.”

ಎದುರು ಮನೆಯ ಪೆದ್ದಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೊಟ್ಟಿಗೆಗೆ ನುಗ್ಗಿದಳು. ಜಾಜಿಯ ಮೂಗನ್ನು ಎರಡೂ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಅತ್ತಿತ್ತ ತಿರುಗಿಸಿ ನೋಡಿ ತೀರ್ಪು ಕೊಟ್ಟಳು: “ಮೂಗು ಇದ್ದಂಗೇ ಐತೆ. ಅವನ ಕಂಪ್ಯೂಟರಿಗೇ ಕಣ್ಣಿಲ್ಲ.”

ಅವತ್ತು ಇಡೀ ದಿನದಲ್ಲಿ ಯಾರಾದರೂ ಆಡಿದ ಒಂದೇ ಒಂದು ಸರಿಯಾದ ಮಾತು ಅದು. ಅದನ್ನು ಬರೆದುಕೊಳ್ಳಲು ಯಾವ ಕಚೇರಿಯವರೂ ಅಲ್ಲಿರಲಿಲ್ಲ.

ನಾಗೇಶನ ಬೈಕು ರಾಬರ್ಟ್‌ಸನ್‌ಪೇಟೆ ಸೇರಿದಾಗ ಸುಬ್ರಮಣಿ ಆಗಷ್ಟೇ ಅಂಗಡಿಯ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ. ಮಾರ್ಕೆಟ್ಟಿನ ಸಂದಿಯಲ್ಲಿ, ಚಪ್ಪಲಿ ಅಂಗಡಿಗೂ ಬಿರಿಯಾನಿ ಹೋಟೆಲಿಗೂ ನಡುವೆ ಸಿಕ್ಕಿಹಾಕಿಕೊಂಡ ಸೈಬರ್ ಸೆಂಟರ್ ಅದು. ಸುಬ್ರಮಣಿಯ ತಾತ ಚಿನ್ನದ ಗಣಿಯಲ್ಲಿ ನಂಬರಿನ ಬಿಲ್ಲೆ ಕೊರಳಿಗೆ ಹಾಕಿಕೊಂಡು ಪಾತಾಳಕ್ಕೆ ಇಳಿಯುತ್ತಿದ್ದ. ಗಣಿ ಮುಚ್ಚಿತು, ನಂಬರಿನ ಕಸುಬು ಮಾತ್ರ ಮೊಮ್ಮಗನ ಕೈಗೆ ಬಂತು. ತಾತ ಚಿನ್ನ ತೆಗೆದು ಬಡವನಾಗಿ ಸತ್ತ. ಮೊಮ್ಮಗ ಬಡವರಿಗೆ ನಂಬರು ತೆಗೆದುಕೊಟ್ಟು ಒಂದು ಸ್ಕೂಟರ್ ಕೊಂಡಿದ್ದ.

“ವಾಂಗಣ್ಣೆ! ಜಾಜಿ ಸೌಖ್ಯಮಾ?” ಸುಬ್ರಮಣಿ ತನ್ನ ತಮಿಳು ಬೆರೆತ ಮಾತಿನಲ್ಲಿ ಸ್ವಾಗತಿಸಿ ಸ್ಟೂಲು ಎಳೆದ.

“ಸೌಖ್ಯ ಕಣಪ್ಪ, ಮೂಗೊಂದು ಬಿಟ್ಟು,” ಎಂದ ಕೋದಂಡಪ್ಪ.

ವಿಷಯ ಕೇಳಿದ ಸುಬ್ರಮಣಿ, “ಅಷ್ಟೇನಾ? ನಾನು ತೆಗೆದ ಫೋಟೋ ಇಲ್ಲೇ ಇದೆ. ಈಗ್ಲೇ ಹಾಕ್ತೀನಿ ಪಾರುಂಗೊ,” ಎಂದು ಕೀಬೋರ್ಡು ಕುಟ್ಟಿದ. ಪರದೆಯ ತುಂಬ ಜಾಜಿಯ ಮೂಗು ಬಂತು, ಮಳೆ ಬಿದ್ದ ಕಪ್ಪು ಬಂಡೆಯಂತೆ ಹೊಳೆಯುತ್ತ. ಕೋದಂಡಪ್ಪನಿಗೆ ಅಭಿಮಾನದಿಂದ ಕಣ್ಣು ತುಂಬಿತು. ಸುಬ್ರಮಣಿ ಗುಂಡಿ ಒತ್ತಿದ. ಕೆಳಗೆ ಒಂದು ಮಾಲೆ ಹರಿದು ಬಂತು: ಏಳು ಎಫ್ ಮೂರು ಎ ಒಂಬತ್ತು ಸಿ... ಅರವತ್ನಾಲ್ಕು ಅಕ್ಷರ. ಅದರ ಕೆಳಗೆ ಕೆಂಪು ಪಟ್ಟಿ: ‘ಈ ಹ್ಯಾಷು ಈಗಾಗಲೇ ಬೇರೊಬ್ಬ ಸದಸ್ಯರ ಹೆಸರಿನಲ್ಲಿದೆ.’

ಸುಬ್ರಮಣಿಯ ಮುಖ ಕರೆಂಟು ಹೋದ ಅಂಗಡಿಯಂತಾಯಿತು.

“ಯಾರ ಹೆಸರಲ್ಲಿ?” ನಾಗೇಶ್ ಪರದೆಗೆ ಮೂಗು ತಾಗಿಸಿದ. “ಅ... ಅಶ್ವತ್ಥಪ್ಪ! ನಮ್ಮ ಡೇರಿ ಪ್ರೆಸಿಡೆಂಟು ಅಶ್ವತ್ಥಪ್ಪನವರಾ?”

“ಅವರಿಗೆ ಅಸಾನೇ ಇಲ್ವಲ್ಲ,” ಎಂದ ಕೋದಂಡಪ್ಪ. “ಅವರ ಮನೆಗೆ ಬೆಳಿಗ್ಗೆ ಪ್ಯಾಕೆಟ್ ಆಲು ಬತ್ತದೆ.”

ಸುಬ್ರಮಣಿ ಎದ್ದು ಹೋಗಿ ಊದುಬತ್ತಿಯನ್ನು ಮತ್ತೊಮ್ಮೆ ಹಚ್ಚಿದ. ಆಮೇಲೆ ಕೂತು, ದೇವರ ಪಟದ ಕಡೆ ನೋಡುತ್ತಲೇ ಹೇಳಿದ. “ಹಸು ಇಲ್ದೋರು ಡೇರಿ ಎಲೆಕ್ಷನ್ನಿಗೆ ನಿಲ್ಲಂಗಿಲ್ಲ ಅಂತ ರೂಲ್ಸು ಅಲ್ವಾ ಅಣ್ಣೆ. ನಿಮ್ಮೂರಲ್ಲಿ ಫೋಟೋ ತೆಗೆದ್ನಲ್ಲ, ಅವತ್ತು ರಾತ್ರಿ ಬಂದು ಕೂತ್ಬಿಟ್ರು. ಕಂಟ್ರಾಕ್ಟರು, ದೊಡ್ಡೋರು. ಯಾವ್ದಾದ್ರೂ ಒಂದು ಮೂಗು ಕೊಡೋ ಅಂದ್ರು. ನನ್ ಹತ್ರ ಚೆನ್ನಾಗಿ ಬಿದ್ದಿದ್ದ ಮೂಗು ಇದೊಂದೇ. ಬೇರೆ ಫೋಟೋದಲ್ಲೆಲ್ಲ ಬಾಲ ಬಿದ್ದಿತ್ತು.”

“ಆಮೇಲೆ ನನ್ನದು?”

“ನಿಮ್ದೂ ಹಾಕ್ದೆ. ಕಂಪ್ಯೂಟರ್ ಬೇಡ ಅಂತು. ನೀವು ಕೇಳಿಲ್ಲ, ನಾನು ಹೇಳಿಲ್ಲ.”

ಕೋದಂಡಪ್ಪ ಕೋಪಿಸಿಕೊಳ್ಳಲು ಯತ್ನಿಸಿದ. ಅಭ್ಯಾಸವಿರಲಿಲ್ಲವಾಗಿ ಅದು ಕೆಮ್ಮಾಗಿ ಹೊರಬಂತು. “ಅಂಗಾದ್ರೆ ಅವರದ್ದು ಅಳಿಸಿ ನಂದು ಆಕು.”

“ಒಮ್ಮೆ ಒಳಗೆ ಹೋಗಿದ್ದು ಅಳಿಸಕ್ಕಾಗಲ್ಲ. ಆದ್ರೆ ಒಂದು ದಾರಿ ಇದೆ,” ಎಂದು ಸುಬ್ರಮಣಿ ಗಂಟಲು ತಗ್ಗಿಸಿದ. “ನಿಮ್ಮೂರ ಮಿಲ್ಲಲ್ಲಿ ರಾಗಿ ಬೀಸ್ತಾರಲ್ಲ? ಇದೂ ಅದೇ. ಫೋಟೋನ ಬೀಸಿ ಹಿಟ್ಟು ಮಾಡ್ತದೆ. ಅದೇ ರಾಗಿ ಎಷ್ಟು ಸಲ ಹಾಕಿ, ಅದೇ ಹಿಟ್ಟು. ಹಿಟ್ಟು ನೋಡಿ ರಾಗಿ ವಾಪಸ್ ಮಾಡಕ್ಕಾಗಲ್ಲ. ಆದ್ರೆ ರಾಗೀಲಿ ಒಂದೇ ಒಂದು ಸಾಸಿವೆ ಕಾಳು ಸೇರಿದ್ರೆ ಸಾಕು, ಇಡೀ ಹಿಟ್ಟು ಬೇರೆ ಆಗ್ಬಿಡ್ತದೆ. ರುಚಿ, ಬಣ್ಣ, ಎಲ್ಲ.”

“ಒಂದು ಸಾಸಿವೆಗಾ?” ನಾಗೇಶ್ ನಂಬಲಿಲ್ಲ.

ಸುಬ್ರಮಣಿ ಜಾಜಿಯ ಮೂಗಿನ ಅಂಚಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಯೊಂದನ್ನು ಇಟ್ಟ. ಗುಂಡಿ ಒತ್ತಿದ. ಹಳೆಯ ಮಾಲೆ ತಲೆಯಿಂದ ಬಾಲದವರೆಗೂ ಕಾಣೆಯಾಗಿ, ಅದರ ಅಣ್ಣತಮ್ಮನೂ ಅಲ್ಲದ ಹೊಸದೊಂದು ಮಾಲೆ ಬಂತು. ಕೆಳಗೆ ಹಸಿರು ಪಟ್ಟಿ: ‘ಸ್ವೀಕರಿಸಲಾಗಿದೆ.’

“ಆಯ್ತು ಬಿಡಣ್ಣೆ. ದೇವರು ಕೊಟ್ಟ ಮೂಗು ಅವರಿಗೆ, ಚುಕ್ಕಿ ಇಟ್ಟ ಮೂಗು ನಿಮಗೆ.”

ಹಸುವಿನ ನಿಜವಾದ ಯಜಮಾನ ಹಸುವಿನ ಫೋಟೋಗೆ ಮಸಿ ಹಚ್ಚಿ ಕಳ್ಳನಂತೆ ಒಳಗೆ ನುಸುಳಬೇಕಾಯಿತಲ್ಲ ಎಂದು ಕೋದಂಡಪ್ಪನಿಗೆ ಅನ್ನಿಸಿದ್ದರೆ ಕತೆ ಬೇರೆಯಾಗುತ್ತಿತ್ತೇನೋ. ಅವನಿಗೆ ಅನ್ನಿಸಿದ್ದು ಹಸಿವು ಮಾತ್ರ. ಮೂವರೂ ಟೀ ಬನ್ನು ತರಿಸಿಕೊಂಡರು. ಬನ್ನು ಅರ್ಧ ಟೀಯಲ್ಲಿ ಮುಳುಗಿದ್ದಾಗ ಕಂಪ್ಯೂಟರ್ ಟಿಂಗ್ ಎಂದಿತು. ಹಸಿರು ಪಟ್ಟಿ ಕೆಂಪಾಗಿತ್ತು. ‘ಮೂಗು ಹೋಲಿಕೆ: ಈ ಮೂಗು ಅಶ್ವತ್ಥಪ್ಪ ಎಂಬವರ ಹಸುವಿನದು. ರಾಸುವನ್ನು ಇಂದೇ ಬಂಗಾರಪೇಟೆಯ ರಾಸು ಗುರುತು ಕೇಂದ್ರಕ್ಕೆ ಹಾಜರುಪಡಿಸಿ.’

“ಓ, ಹೊಸ ಚೆಕಿಂಗು ಬಿಟ್ಟವ್ರೆ,” ಸುಬ್ರಮಣಿ ತಲೆ ಕೆರೆದ. “ಹ್ಯಾಷು ನೋಡೋದು ಫೋಟೋನ. ಇದು ಮೂಗನ್ನೇ ನೋಡ್ತದೆ. ಚುಕ್ಕಿ ಇಟ್ರೆ ಫೋಟೋ ಬೇರೆ ಆಯ್ತದೆ, ಮೂಗು ಬೇರೆ ಆಗಲ್ಲ.”

“ಒಳ್ಳೇದೇ ಆಯ್ತಲ್ಲ!” ನಾಗೇಶ್ ಹುರುಪಿನಿಂದ ಎದ್ದ. “ಅಸಾನೇ ಮುಂದೆ ನಿಲ್ಸಿದ್ರೆ ಸತ್ಯ ತಾನಾಗೇ ಒರಗೆ ಬತ್ತದೆ. ಅಕ್ಕಂಗೆ ಫೋನ್ ಮಾಡು, ಜಾಜೀನ ಗೂಡ್ಸ್ ಆಟೋಗೆ ಹತ್ತಿಸಲಿ.”

ನಾರಾಯಣಮ್ಮ ಜಾಜಿಯನ್ನು ಹತ್ತಿಸಿದಳು. ಕರು ಬಿಟ್ಟು ಬರಲಾಗದೆ ತಾನು ಉಳಿದು, ಸಾಕ್ಷಿಗಿರಲಿ ಎಂದು ಪೆದ್ದಮ್ಮನನ್ನೂ ಹತ್ತಿಸಿದಳು. ಪೆದ್ದಮ್ಮ ಹೊರಟಳೆಂದು ಬೀದಿಯ ಇನ್ನಷ್ಟು ಜನ ಹತ್ತಿದರು. ಬಂಗಾರಪೇಟೆಗೆ ಎಂದ ಮೇಲೆ ಎಲ್ಲರಿಗೂ ಒಂದೊಂದು ಕೆಲಸ ನೆನಪಾಗುವುದು ವಾಡಿಕೆ. ಕೋದಂಡಪ್ಪ ಬೈಕಿನಲ್ಲಿ ಹಿಂದೆ ಕೂತು ದಾರಿಯುದ್ದಕ್ಕೂ ಗಡಿಯಾರ ನೋಡಿದ. ಮಾರಿಕುಪ್ಪಂ ರೈಲಿಗೆ ಗೇಟು ಹಾಕಿದ್ದರು. ಅಲ್ಲಿ ಆಟೋ ಸಿಕ್ಕಿತು. ಜಾಜಿ ಆಟೋದ ಹಿಂದುಗಡೆ ನಿಂತು ಶಾಸಕರಂತೆ ಜನರನ್ನು ನೋಡುತ್ತಿದ್ದಳು.

ರಾಸು ಗುರುತು ಕೇಂದ್ರದ ಅಂಗಳದಲ್ಲಿ ಹೊಸ ಪೆಂಡಾಲು ಎದ್ದಿತ್ತು. ಮರುದಿನ ಮೇಲಿನವರು ಬಂದು ‘ಒಂದು ಮೂಗು, ಒಂದು ಗುರುತು’ ಯೋಜನೆಯ ಯಶಸ್ಸನ್ನು ಉದ್ಘಾಟಿಸುವವರಿದ್ದರು. ಯಶಸ್ಸಿಗೆ ಬಾಳೆಕಂದು ಕಟ್ಟಿ, ಮಾವಿನ ತೋರಣ ಬಿಟ್ಟು, ಹಲ್ಲು ಬಿಟ್ಟು ನಗುವ ಹಸುವಿನ ಫ್ಲೆಕ್ಸ್ ನಿಲ್ಲಿಸಿದ್ದರು. ಜಾಜಿಯನ್ನು ಇಳಿಸಿ ಪೆಂಡಾಲಿನ ಕಂಬಕ್ಕೆ ಕಟ್ಟಿದರು.

ಅಧಿಕಾರಿ ಜ್ಯೋತಿಲಕ್ಷ್ಮಿ ಮೇಡಂ ಒಳ್ಳೆಯವರು. ಲಂಚ ಮುಟ್ಟುವವರಲ್ಲ, ರೇಗುವವರಲ್ಲ. ಪರದೆಯ ಮೇಲೆ ಕಾಣುವುದನ್ನು ಮಾತ್ರ ನಂಬುವವರು. ಅವರು ಫೋನನ್ನು ಜಾಜಿಯ ಮೂಗಿನ ಮುಂದೆ ಹಿಡಿದರು. ಜಾಜಿ ಅದನ್ನು ಒಮ್ಮೆ ನೆಕ್ಕಿದಳು. ಮೇಡಂ ಒರೆಸಿ ಮತ್ತೆ ಹಿಡಿದರು.

“ಪೂರ್ತಿ ಹೊಂದಾಣಿಕೆಯಾಗುತ್ತೆ. ಫೋಟೋದಲ್ಲಿರೋದು ಇದೇ ಹಸು. ಸಂಶಯವೇ ಇಲ್ಲ.”

“ನಾನು ಬೆಳಿಗ್ಗೆಯಿಂದ ಬಡ್ಕಂತಿರೋದು ಅದೇ ಅಲ್ವಾ ಮೇಡಂ!” ಕೋದಂಡಪ್ಪ ಕೈ ಮುಗಿದ.

“ಹಾಗಾದ್ರೆ ಮುಗೀತಲ್ಲ. ಇದು ಅಶ್ವತ್ಥಪ್ಪನವರ ಹಸು. ನಿಮ್ಮ ಹತ್ರ ಯಾಕಿದೆ?”

ಕೋದಂಡಪ್ಪನ ಮುಗಿದ ಕೈ ಮುಗಿದ ಹಾಗೇ ನಿಂತಿತು.

ಸಾಕ್ಷಿಗಳು ಮುಂದೆ ಬಂದರು. ಪೆದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅಮ್ಮಾ ತಾಯಿ, ಇದು ಉಟ್ಟಿದ್ದು ನನ್ನ ಕೈ ಮೇಲೆ. ಈ ಫೋಟೋದಾಗೆ ಇರೋದು ಇದೇ ಅಸ, ನನ್ನಾಣೆ! ಬೇರೆ ಅಸ ಅಂತ ಯಾರಾದ್ರೂ ಅಂದ್ರೆ ಅವರ ನಾಲಿಗೆ ಬಿದ್ದೋಗ!”

“ನೋಡಿ, ಈ ಅಜ್ಜಿಯೂ ಇದೇ ಹಸು ಅಂತಾರೆ,” ಮೇಡಂ ಬರೆದುಕೊಂಡರು.

ಆಟೋದಿಂದ ಇಳಿದವರೆಲ್ಲ ಸಾಲಾಗಿ ಬಂದು, ಇದೇ ಹಸು, ಇದೇ ಮೂಗು ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಪ್ರಮಾಣ ಮಾಡಿದರು. ಪ್ರತಿಯೊಂದು ಪ್ರಮಾಣಕ್ಕೂ ಜಾಜಿ ಕೋದಂಡಪ್ಪನಿಂದ ಒಂದೊಂದು ಮಾರು ದೂರ ಸರಿಯುತ್ತಿದ್ದಳು.

“ಅಯ್ಯೋ ಸುಮ್ಕಿರ್ರೋ!” ಕೋದಂಡಪ್ಪ ಕೂಗಿದ. “ಮೇಡಂ, ನಾನು ಕೂಗಿದ್ರೆ ಬತ್ತಾಳೆ ನೋಡಿ. ಜಾಜೀ...” ಹಸು ಕಿವಿ ನಿಮಿರಿಸಿ ತಿರುಗಿ ಅವನ ತಲೆಗೂದಲನ್ನು ನೆಕ್ಕಿತು.

ಮೇಡಂ ಅನುಕಂಪದಿಂದ ನೋಡಿದರು. “ನೆಕ್ಕೋದಕ್ಕೆ ಇದರಲ್ಲಿ ಜಾಗ ಇಲ್ಲಪ್ಪ.”

ಮೂಗು ಅಳೆಯುವ ಯಂತ್ರ ಕಂಡುಹಿಡಿದವರು ನಾಲಿಗೆಯನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಇಟ್ಟಿದ್ದರೆ ಈ ದೇಶದ ಅರ್ಧ ಆಸ್ತಿಯ ಯಜಮಾನರು ಬದಲಾಗುತ್ತಿದ್ದರು.

ಈ ವಾದ ನಡೆಯುತ್ತಿದ್ದಾಗ ಜಾಜಿಗೆ ಬೆಳಗಿನಿಂದ ಮೇವು ಬಿದ್ದಿಲ್ಲವೆಂಬುದು ಜಾಜಿಯೊಬ್ಬಳಿಗೇ ನೆನಪಿತ್ತು. ಕಣ್ಣೆದುರಿಗೇ ಎಳೆ ಬಾಳೆಕಂದು. ಅವಳು ಒಂದು ಸುಳಿಯನ್ನು ಬಾಯಿಗೆ ಹಾಕಿ ಎಳೆದಳು. ಕಂದಿಗೆ ಕಟ್ಟಿದ ದಾರ ತೋರಣವನ್ನು ಎಳೆಯಿತು, ತೋರಣ ಬಿದಿರನ್ನು ಎಳೆಯಿತು. ನೆಲದಲ್ಲಿ ಒಂದು ಗೇಣೂ ಹೂಳದ ಕಂಬ, ಮೇಲಿನವರು ಬರುವ ಮೊದಲೇ ಸಾಷ್ಟಾಂಗ ಹಾಕಿತು. ಅದರ ಹಿಂದೆ ಪೆಂಡಾಲು. ಪೆಂಡಾಲಿನ ಹಿಂದೆ ನಗುವ ಹಸುವಿನ ಫ್ಲೆಕ್ಸು, ಕಬ್ಬಿಣದ ಚೌಕಟ್ಟಿನ ಸಮೇತ, ಪಕ್ಕದಲ್ಲಿ ನಿಂತಿದ್ದ ಕಚೇರಿಯ ಹೊಸ ಜೀಪಿನ ಮೇಲೆ.

ಗ್ಲಾಸು ಒಡೆದ ಸದ್ದಿಗೆ ಇಡೀ ಅಂಗಳ ಜೀಪಿನ ಕಡೆ ಓಡಿತು. ಜಾಜಿ ಮಾತ್ರ ಅಗಿಯುತ್ತಿದ್ದಳು.

ಜೀವನದಲ್ಲಿ ಮೊದಲ ಬಾರಿಗೆ ಜ್ಯೋತಿಲಕ್ಷ್ಮಿ ಮೇಡಂ ಕಿರುಚಿದರು. “ಯಾರದ್ರೀ ಈ ಹಸು?”

ಬೆಳಗಿನಿಂದ ನಂದು ನಂದು ಎಂದು ಗಂಟಲು ಹರಿದುಕೊಂಡಿದ್ದ ಕೋದಂಡಪ್ಪ ಬಾಯಿ ತೆರೆದ. ನಾಗೇಶ್ ಅವನ ಬಾಯಿಗೆ ಕೈ ಅಡ್ಡ ಹಿಡಿದ.

“ಅಣ್ಣ, ದಡ್ಡನಾಗ್ಬೇಡ,” ಕಿವಿಯಲ್ಲಿ ಪಿಸುಗುಟ್ಟಿದ. “ಜೀಪು ಸರ್ಕಾರದ್ದು. ನಂದು ಅಂದ್ರೆ ಗ್ಲಾಸಿನ ಜೊತೆ ನಿನ್ನೂ ಒಳಕ್ಕಾಕ್ತಾರೆ. ಕಂಪ್ಯೂಟರ್ ಏನಂತದೆ? ಅಶ್ವತ್ಥಪ್ಪಂದು ಅಂತದೆ ತಾನೆ? ನೀನೂ ಅದೇ ಅನ್ನು. ಅವನು ಬರಲಿ. ಅಸ ನಂದಲ್ಲ ಅಂದ್ರೆ ಡೇರಿ ಕುರ್ಚಿ ಓಯ್ತದೆ. ನಂದು ಅಂದ್ರೆ ಗ್ಲಾಸು ಕಟ್ತಾನೆ. ಎಂಗ್ ತಿರುಗಿಸಿದ್ರೂ ಅವನಿಗೇ ಏಟು!”

ನಾಗೇಶನ ಬಾಯಿಂದ ಬಂದ ಮಾತು ಮೊದಲ ಬಾರಿಗೆ ಕೋದಂಡಪ್ಪನಿಗೆ ಅರ್ಥವಾಯಿತು. ಅದೇ ಕೇಡಾಯಿತು. ಅವನ ಮುಖ ಮೆಲ್ಲಗೆ ಅರಳಿತು. ಎದೆ ಸೆಟೆಸಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ:

“ಅಶ್ವತ್ಥಪ್ಪನವರದ್ದು ಮೇಡಂ! ನೀವೇ ಅಂದ್ರಲ್ಲ. ಮೂಗು ಅವರದ್ದು, ಹ್ಯಾಷು ಅವರದ್ದು, ಅಸಾನೂ ಅವರದ್ದೇ.”

“ಬರೆದುಕೊಡ್ತೀರಾ?”

“ಎಲ್ಲಿ ಸೈನ್ ಆಕ್ಬೇಕು ತೋರ್ಸಿ.”

ಹಾಕಿದ. ಕೆಳಗೆ ಸಾಕ್ಷಿಯೆಂದು ನಾಗೇಶ್ ಇಂಗ್ಲಿಷಿನಲ್ಲಿ ಸೈನ್ ಹಾಕಿದ. ಪೆದ್ದಮ್ಮ ಹೆಬ್ಬೆಟ್ಟು ಒತ್ತಿ, “ಅವನ ಕೊಬ್ಬು ಇಳೀಲಿ” ಎಂದು ಇನ್ನೊಂದು ಹೆಬ್ಬೆಟ್ಟನ್ನೂ ಒತ್ತಲು ಹೋದಳು. ಮೇಡಂ ಒಂದೇ ಸಾಕೆಂದರು.

ಅಶ್ವತ್ಥಪ್ಪನವರ ಕಾರು ಬರುವವರೆಗೆ ಕ್ಯಾಸಂಬಳ್ಳಿಯ ಕಡೆಯವರೆಲ್ಲ ಬಿದ್ದ ಪೆಂಡಾಲಿನ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ತಿಂದರು. ಕೋದಂಡಪ್ಪನಿಗೆ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಕುರ್ಚಿಯಾದರೂ ಹೋಗಬೇಕು, ಗ್ಲಾಸಾದರೂ ಕಟ್ಟಬೇಕು. ಹಸುವಿಲ್ಲದ ಪ್ರೆಸಿಡೆಂಟು ಇವತ್ತು ಸಿಕ್ಕಿಬಿದ್ದ!

ಅಶ್ವತ್ಥಪ್ಪ ಇಳಿದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ಅವರಿಗೂ ಹಾಲಿಗೂ ಇದ್ದ ಸಂಬಂಧ ಆ ಬಣ್ಣವೊಂದೇ. ಬಿದ್ದ ಪೆಂಡಾಲು ನೋಡಿದರು. ಒಡೆದ ಜೀಪು ನೋಡಿದರು. ಕಡೆಗೆ ಜಾಜಿಯನ್ನು ನೋಡಿದರು, ಬಹಳ ಹೊತ್ತು. ಮೇಡಂ ಕೇಳಿದರು.

“ಸಾರ್, ಈ ಹಸು ನಿಮ್ಮದಾ?”

ನಾಗೇಶ್ ಕೋದಂಡಪ್ಪನ ತೊಡೆ ಚಿವುಟಿದ.

“ನಂದೇ,” ಎಂದರು ಅಶ್ವತ್ಥಪ್ಪ. “ನಂದಲ್ದೆ ಇನ್ಯಾರ್ದು?”

“ಗ್ಲಾಸು...”

“ಹಾಕಿಸ್ಕೊಡೋಣ ಬಿಡಿ ಮೇಡಂ. ಪೆಂಡಾಲ್ ಕಂಟ್ರಾಕ್ಟು ನಂದೇ ತಾನೆ, ಬಿದ್ದಿದ್ದಕ್ಕೊಂದು, ಎತ್ತಿದ್ದಕ್ಕೊಂದು ಬಿಲ್ ಮಾಡ್ತೀನಿ. ಅದರಲ್ಲೇ ಗ್ಲಾಸೂ ಬಂದ್ಬಿಡ್ತದೆ.” ಅವರು ಟೇಬಲ್ಲಿನ ಮೇಲಿದ್ದ ಹೇಳಿಕೆಯನ್ನು ಕೈಗೆತ್ತಿಕೊಂಡು ಓದಿದರು. ಓದುತ್ತ ಓದುತ್ತ ಅವರ ಕಣ್ಣಲ್ಲಿ ನೀರಾಡಿತು. ಸೀದಾ ಬಂದು ಕೋದಂಡಪ್ಪನ ಎರಡೂ ಕೈ ಹಿಡಿದರು.

“ಕೋದಂಡ, ನಿನ್ನ ಉಪಕಾರ ಮರೆಯಲ್ಲಯ್ಯ. ಒಂದು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು. ಯಾವನಾದ್ರೂ ಚೆಕಿಂಗ್ ಬಂದು, ಮೂಗು ಐತೆ, ಮೂಗಿನ ಹಿಂದೆ ಇರೋ ಹಸು ಎಲ್ಲಿ ಅಂದ್ರೆ ಏನ್ ತೋರ್ಸೋದು ಅಂತ ಎದೆ ಹೊಡ್ಕೊಳ್ಳೋದು. ಇವತ್ತು ನೀನೇ ಗಾಡೀಲಿ ಹಾಕ್ಕೊಂಡು ತಂದು, ಸಾಕ್ಷಿ ಸಮೇತ ಬರೆದು ಕೊಟ್ಬಿಟ್ಟೆ. ಪುಣ್ಯಾತ್ಮ!”

ಕೋದಂಡಪ್ಪನ ಬಾಯಲ್ಲಿದ್ದ ಕಡಲೆಕಾಯಿ ಅಲ್ಲೇ ಉಳಿಯಿತು. “ಅದು... ಗ್ಲಾಸಿಗೆ ಅಂತ ಅಂದಿದ್ದು ಬುದ್ದಿ...”

“ಮೂಗು ಹೊಂದುತ್ತೆ, ಹ್ಯಾಷು ಹೊಂದುತ್ತೆ, ಹಸು ಇಟ್ಕೊಂಡಿದ್ದವರೇ ನಂದಲ್ಲ ಅಂತ ಬರೆದಿದ್ದಾರೆ,” ಮೇಡಂ ಸಮಾಧಾನದ ಉಸಿರು ಬಿಟ್ಟು ಗುಂಡಿ ಒತ್ತಿದರು. ಇಡೀ ದಿನದಲ್ಲಿ ಮೊದಲ ಬಾರಿಗೆ ಪರದೆಯ ಎಲ್ಲ ಪಟ್ಟಿಗಳೂ ಹಸಿರಾದವು. “ಇಷ್ಟು ಸ್ಪಷ್ಟವಾದ ಕೇಸು ನನ್ನ ಸರ್ವೀಸಲ್ಲೇ ನೋಡಿಲ್ಲ.”

“ಅಯ್ಯೋ ನಾ ತಂಡ್ರಿ! ನನ್ನ ಹೆಬ್ಬೆಟ್ಟು ವಾಪಸ್ ಕೊಡಮ್ಮೋ!” ಪೆದ್ದಮ್ಮ ಟೇಬಲ್ಲಿಗೆ ಮುಗಿಬಿದ್ದಳು.

“ವಾಪಸ್ಸಿಗೆ ಬಟನ್ ಕೊಟ್ಟಿಲ್ಲಜ್ಜಿ.”

ನಾಗೇಶ್ ಏನೋ ಹೇಳಲು ಬಾಯಿ ತೆರೆದ. ಅಲ್ಲಿದ್ದ ಎಲ್ಲರೂ ಒಟ್ಟಿಗೆ ಅವನನ್ನು ನೋಡಿದರು. ಅವನು ಬೈಕಿಗೆ ಪೆಟ್ರೋಲು ಹಾಕಿಸಬೇಕೆಂದು ಹೊರಟುಹೋದ.

ಕೋದಂಡಪ್ಪ ಜಾಜಿಯ ಕೊರಳ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದ. ಅಶ್ವತ್ಥಪ್ಪ ಅವನ ಹೆಗಲು ತಟ್ಟಿದರು.

“ಛೇ ಛೇ, ನಾನು ಅಷ್ಟು ಕಟುಕನೇನಯ್ಯ? ಕಟ್ಟಕ್ಕೆ ನಮ್ಮನೇಲಿ ಜಾಗ ಎಲ್ಲೈತೆ, ಎಲ್ಲ ಟೈಲ್ಸ್ ಹಾಕ್ಸಿದೀನಿ. ನೀನೇ ಹೊಡ್ಕೊಂಡೋಗು. ವಾರಕ್ಕೆ ಸಾಕು.”

“ವಾರಕ್ಕಾ?”

“ಊರಲ್ಲಿ ಎಲ್ಲರೂ ಮಾಡಲ್ವಾ? ಹಸು ನಂದು, ಮೇವು ನಿಂದು, ಗೇಮೆ ನಿಂದು. ಹಾಲಲ್ಲಿ ಅರ್ಧ ನಿಂಗೆ, ಅರ್ಧ ನಂಗೆ. ಕರು ನಂದು. ಬೇರೆ ಯಾರಾದ್ರೂ ಆಗಿದ್ರೆ ಮೂರರಲ್ಲಿ ಒಂದು ಭಾಗ ಅಂತಿದ್ದೆ. ನೀನು ನಿಯತ್ತಿನ ಮನುಷ್ಯ.”

ಗೂಡ್ಸ್ ಆಟೋ ಊರಿನ ದಾರಿ ಹಿಡಿಯಿತು. ಹಿಂದುಗಡೆ ಪೆದ್ದಮ್ಮ ನೀಲಿ ಮಸಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು.

ಮನೆ ಬಾಗಿಲಲ್ಲಿ ನಾರಾಯಣಮ್ಮ ಕಾದಿದ್ದಳು. ಜಾಜಿ ಇಳಿದಿದ್ದು ನೋಡಿ ಅವಳ ಮುಖಕ್ಕೆ ಕಳೆ ಬಂತು.

“ಏನಾಯ್ತು? ನಾಳೆಯಿಂದ ಆಲು ತಗಂತಾರಂತಾ?”

“ತಗಂತಾರೆ.”

“ಎಲ್ಲ ಪಕ್ಕಾ ಆಯ್ತಾ?”

“ಪಕ್ಕಾ ಆಯ್ತು.”

“ಅಬ್ಬ! ಬಾ ಮತ್ತೆ, ಕರೆಯೋ ಹೊತ್ತು ಮೀರಿದೆ,” ಎಂದು ನಾರಾಯಣಮ್ಮ ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ ಕೆಚ್ಚಲಿಗೆ ಕೈ ಹಾಕಿದಳು.

“ತಡಿ, ತಡಿ,” ಎಂದ ಕೋದಂಡಪ್ಪ. ಅವನು ಫೋನು ತೆಗೆದು ಜಾಜಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮೂಗಿಗೆ ಹತ್ತಿರ ಹಿಡಿದು ಫೋಟೋ ತೆಗೆದು ಕಳಿಸಿದ.

“ಇನ್ನೂ ಯಾಕೆ ಫೋಟೋ? ಪಕ್ಕಾ ಆಯ್ತು ಅಂದಲ್ಲ?”

“ದಿನಾ ಕರೆಯೋಕ್ ಮುಂಚೆ ಕಳಿಸ್ಬೇಕಂತೆ. ಬೇರೆ ಅಸ ಕಟ್ಟಿ ಏಮಾರಿಸಿದ್ರೆ ಅಂತ.”

“ಯಾರಿಗೆ ಏಮಾರಿಸ್ತೀಯ? ಯಾರಿಗೆ ಕಳಿಸ್ಬೇಕು?”

ಕೋದಂಡಪ್ಪ ಉತ್ತರ ಕೊಡುವ ಮೊದಲೇ ಫೋನು ಸದ್ದು ಮಾಡಿತು. ಅಶ್ವತ್ಥಪ್ಪನವರ ಮೆಸೇಜು: ‘ಮಸುಕಾಗೈತೆ. ಇನ್ನೊಂದು ತೆಗಿ.’